ತನ್ನನ್ನೇ ನೋಡಿಕೊಳ್ಳುವ ನಿರೂಪಕ ಅನಾಯಕನೇ?

ಕವಿತೆಯಲ್ಲಿ ಮಾತನಾಡುವವನು ತನ್ನ ಒಂದೊಂದು ಮಾತನ್ನೂ ತಾನೇ ಗಮನಿಸಿಕೊಳ್ಳುತ್ತ, ಅನುಮಾನಿಸುತ್ತ ಹೋದರೆ ಅವನನ್ನು ಆ್ಯಂಟಿ-ಹೀರೋ ಎನ್ನಬಹುದೇ? ಮೊದಲು ಪದದ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ಈ ಪದಕ್ಕೆ ‘ಪ್ರತಿನಾಯಕ’ ಎಂದುಬಿಡುವುದು ಸುಲಭ. ಆದರೆ ಧನಂಜಯನ ಸಂಸ್ಕೃತ ನಾಟ್ಯಗ್ರಂಥ ‘ದಶರೂಪಕ’ದಲ್ಲಿ ಪ್ರತಿನಾಯಕನೆಂದರೆ ಲೋಭಿಯೂ ಉದ್ಧತನೂ ಪಾಪಕಾರಿಯೂ ಆದ ಶತ್ರು, ರಾಮನಿಗೆ ರಾವಣನಿದ್ದಂತೆ. ಅವನು ನಾಯಕನಿಗೆ ಎದುರಾಗಿ ನಿಲ್ಲುವವನು. ಆ್ಯಂಟಿ-ಹೀರೋ ಆದರೋ ನಾಯಕನ ಸ್ಥಾನದಲ್ಲೇ ನಿಂತಿದ್ದು, ಆ ಸ್ಥಾನ ಬೇಡುವ ಕಾರ್ಯವನ್ನು ಮಾಡಲಾರದವನು. ಆದ್ದರಿಂದ ನಾನು ‘ಅನಾಯಕ’ ಎಂಬ ಪದವನ್ನೇ ಇಟ್ಟುಕೊಳ್ಳುತ್ತೇನೆ.

ಆತ್ಮಪ್ರಜ್ಞೆಯೊಂದೇ ಯಾರನ್ನೂ ಅನಾಯಕನನ್ನಾಗಿ ಮಾಡದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪದಗಳು ಸಾಲುತ್ತಿಲ್ಲವೆಂದು ಕೊರಗುವ ನಿರೂಪಕ ತನ್ನ ಕಸುಬಿನ ಕಷ್ಟವನ್ನು ಹೇಳುತ್ತಿದ್ದಾನೆ, ಅಷ್ಟೆ. ಅವನ ಮುಂದೆ ಮಾಡಲೇಬೇಕಾದ ಕೆಲಸವೊಂದಿದ್ದು, ಆ ಕೆಲಸದ ಜಾಗವನ್ನು ಈ ಪ್ರಜ್ಞೆಯೇ ಆಕ್ರಮಿಸಿಕೊಂಡಾಗ ಮಾತ್ರ ಪ್ರಶ್ನೆ ನಿಜವಾಗಿ ಏಳುತ್ತದೆ.

1915ರಲ್ಲಿ ಪ್ರಕಟವಾದ, ಇಂಗ್ಲಿಷ್ ಕವಿ ಟಿ. ಎಸ್. ಎಲಿಯಟ್‌ನ ‘ದಿ ಲವ್ ಸಾಂಗ್ ಆಫ್ ಜೆ. ಆಲ್ಫ್ರೆಡ್ ಪ್ರುಫ್ರಾಕ್’ ಕವಿತೆ ನನ್ನನ್ನು ಮತ್ತೆ ಮತ್ತೆ ಸೆಳೆಯುವುದು ಇದೇ ಕಾರಣಕ್ಕೆ. ಹೆಸರಿನಲ್ಲಿ ಅದು ಪ್ರೇಮಗೀತೆ. ಒಳಗೆ ಪ್ರೇಮನಿವೇದನೆಯೇ ಇಲ್ಲ. ಕೇಳಬೇಕಾದ ಪ್ರಶ್ನೆಯ ಸುತ್ತ ಸುಳಿದಾಡುತ್ತ, ತನ್ನ ಬೋಳಾಗುತ್ತಿರುವ ತಲೆಯನ್ನೂ ಬಡಕಲು ಕೈಕಾಲುಗಳನ್ನೂ ಜನ ಹೇಗೆ ಆಡಿಕೊಂಡಾರೆಂದು ಮುಂಚಿತವಾಗಿಯೇ ಕಲ್ಪಿಸಿಕೊಳ್ಳುತ್ತ ನಿರೂಪಕ ಪ್ರುಫ್ರಾಕ್ ಆ ಪ್ರಶ್ನೆಯನ್ನು ಕೇಳದೆಯೇ ಉಳಿಯುತ್ತಾನೆ. ತಾನು ಷೇಕ್ಸ್‌ಪಿಯರ್‌ನ ನಾಟಕದ ರಾಜಕುಮಾರ ಹ್ಯಾಮ್ಲೆಟ್ ಅಲ್ಲವೆಂದು ಅವನೇ ಹೇಳಿಕೊಳ್ಳುತ್ತಾನೆ. ಹಿಂಜರಿಕೆಗೇ ಹೆಸರಾದ ನಾಯಕನೊಬ್ಬನ ಮಟ್ಟಕ್ಕೂ ತಾನು ಏರಲಾರೆನೆಂಬ ಆ ಮಾತು ನನ್ನನ್ನು ಕಲಕುತ್ತದೆ. ಇವನು ಅನಾಯಕನೇ ಹೌದು. ಗದ್ಯದಲ್ಲಿ ಇವನಿಗೊಬ್ಬ ಹಿರಿಯ ಬಂಧುವಿದ್ದಾನೆ: 1864ರ, ರಷ್ಯನ್ ಲೇಖಕ ದಾಸ್ತೋವ್‌ಸ್ಕಿಯ ‘ನೋಟ್ಸ್ ಫ್ರಮ್ ಅಂಡರ್‌ಗ್ರೌಂಡ್’ ಕೃತಿಯಲ್ಲಿ ನೆಲಮಾಳಿಗೆಯಿಂದ ಮಾತನಾಡುವ ಆ ಮನುಷ್ಯ, ಅನಾಯಕನ ಲಕ್ಷಣಗಳನ್ನೆಲ್ಲ ಬೇಕೆಂದೇ ಇಲ್ಲಿ ಒಟ್ಟುಗೂಡಿಸಿದೆಯೆಂದು ತಾನೇ ಒಪ್ಪಿಕೊಳ್ಳುತ್ತಾನೆ.

ಇಲ್ಲೊಂದು ಆಕ್ಷೇಪಣೆ ಬರಬಹುದು. ಇಷ್ಟು ಸುಂದರವಾಗಿ ಮಾತನಾಡಬಲ್ಲವನು ಸೋತವನು ಹೇಗಾದಾನು? ಆ ಸೌಂದರ್ಯ ಕವಿಯದು, ನಿರೂಪಕನದಲ್ಲ ಎಂಬ ಸಮಾಧಾನ ನನಗೆ ಒಪ್ಪಿಗೆಯಾಗುವುದಿಲ್ಲ. ಕವಿತೆಯಲ್ಲಿ ನಮಗೆ ಕೇಳಿಸುವುದು ಅವನೊಬ್ಬನ ದನಿಯೇ. ಸೊಗಸಾದ ಮಾತೇ ಅವನ ಅಡಗುದಾಣವಾಗಿದೆಯೆಂದು ನನಗೆ ತೋರುತ್ತದೆ. ಕವಿತೆಯ ಕೊನೆಯಲ್ಲಿ ಬರುವ ಮತ್ಸ್ಯಕನ್ಯೆಯರು ತನಗಾಗಿ ಹಾಡುವುದಿಲ್ಲವೆಂದು ತಿಳಿದಿದ್ದೂ ಅವರ ಹಾಡನ್ನು ಅಷ್ಟು ಚೆಲುವಾಗಿ ಬಣ್ಣಿಸುವ ಅವನು, ಕೊನೆಯ ಸಾಲುಗಳಲ್ಲಿ ‘ನಾನು’ ಎನ್ನುವುದನ್ನು ಬಿಟ್ಟು ‘ನಾವು’ ಎನ್ನತೊಡಗುತ್ತಾನೆ. ಕೊನೆಯ ಸಾಲಿನಲ್ಲಿ ಮನುಷ್ಯರ ದನಿಗೆ ಎಚ್ಚರಗೊಂಡು ಮುಳುಗುವವರಲ್ಲಿ ಆಗ ಓದುವ ನಾನೂ ಇರುತ್ತೇನೆ.