ಗ್ವಾಕಮೋಲೆ ಹಾಕಲಾ?

ಇವತ್ತು ಮಧ್ಯಾಹ್ನ ಚಿಪೋಟ್ಲೆ ಅನ್ನೋ ಮೆಕ್ಸಿಕನ್ ಶೈಲಿಯ ಅಮೆರಿಕನ್ ಹೋಟೆಲಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಕಾಲೇಜು ಹುಡುಗನೊಬ್ಬ.

"ಗ್ವಾಕಮೋಲೆಗೆ ಬೇರೆ ದುಡ್ಡಾಗುತ್ತೆ, ಪರವಾಗಿಲ್ವಾ?" ಅಂತ ಕೌಂಟರಿನ ಹುಡುಗಿ ಕೇಳಿದಳು. ಅವನು ಬೆಣ್ಣೆಹಣ್ಣಿನ ಆ ಹಸಿರು ಗೊಜ್ಜಿನ ಪಾತ್ರೆಯನ್ನೇ ಒಂದು ಕ್ಷಣ ನೋಡಿದ. ಆಮೇಲೆ ಬೇಡ ಅಂದ.

ಮನಸ್ಸಿಗೆ ಯಾಕೋ ಪಿಚ್ಚೆನ್ನಿಸಿತು.

ನಾನು ಮಾಂಸ ತಿನ್ನಲ್ಲ. ತರಕಾರಿ ಬೌಲ್ ತಗೊಂಡರೆ ಗ್ವಾಕಮೋಲೆ ಆ ಬೆಲೆಯಲ್ಲೇ ಬರುತ್ತದೆ. ನನಗೆ ಕೇಳದೆಯೇ ಒಂದು ಸೌಟು ಬಿತ್ತು. ದಪ್ಪಗೆ ಹಿಸುಕಿದ ಬೆಣ್ಣೆಹಣ್ಣು, ಅಲ್ಲಲ್ಲಿ ಕೆಂಪು ಈರುಳ್ಳಿ ಚೂರು.

ಇಂಥದ್ದೇ ಇನ್ನೊಂದು ಹೋಟೆಲ್ ಕ್ಡೋಬಾದಲ್ಲಿ ಈ ಪ್ರಶ್ನೆಯೇ ಬರಲ್ಲ. ಊಟಕ್ಕೆ ಗ್ವಾಕಮೋಲೆ, ಕೇಸೋ ಅನ್ನೋ ಬಿಸಿ ಚೀಸ್ ಸಾಸ್, ಎರಡನ್ನೂ ಅದೇ ಬೆಲೆಗೆ ಹಾಕಿಕೊಡುತ್ತಾರೆ. ಎರಡು ಹೋಟೆಲೂ ಅಮೆರಿಕದ ಡೆನ್ವರ್‌ನಲ್ಲೇ ಹುಟ್ಟಿದ್ದು, ಚಿಪೋಟ್ಲೆ 1993ರಲ್ಲಿ, ಕ್ಡೋಬಾ 1995ರಲ್ಲಿ. ಒಂದೇ ಊರಿನವು, ಬಡಿಸುವ ರೀತಿ ಮಾತ್ರ ಬೇರೆ. ಮನೆಗೆ ಬಂದವರಿಗೆ ತುಪ್ಪ ಬೇಕಾ ಅಂತ ಕೇಳಿ ಬಡಿಸುವವರು, ಕೇಳದೆ ಸುರಿಯುವವರು ಇರುತ್ತಾರಲ್ಲ, ಹಾಗೆ. ನನಗೆ ಸುರಿಯುವವರೇ ಇಷ್ಟ.

ಆದರೂ ಕಾಲು ಚಿಪೋಟ್ಲೆ ಕಡೆಗೇ ಹೋಗುತ್ತದೆ. ಕಾರಣ ಅನ್ನ. ನಿಂಬೆ, ಕೊತ್ತಂಬರಿ ಹಾಕಿದ ಅನ್ನ ಕ್ಡೋಬಾದಲ್ಲೂ ಇದೆ, ಆದರೆ ನನ್ನ ನಾಲಿಗೆಗೆ ಹತ್ತಿರದ್ದು ಇದು. ಬೌಲಿನ ಮುಚ್ಚಳ ತೆಗೆದಾಗ ಬರುವ ಘಮ ಇದೆಯಲ್ಲ, ಒಗ್ಗರಣೆ ಬೀಳುವ ಮೊದಲಿನ ಚಿತ್ರಾನ್ನದ್ದೇ.

ಅರ್ಧ ಬೌಲ್ ಉಳಿದಿದೆ. ರಾತ್ರಿಗೆ ಸಾಸಿವೆ, ಕಡಲೆಬೇಳೆ, ಎರಡು ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಡ್ತೀನಿ.