ಕೂರಿಗೆ ಭತ್ತಕ್ಕೆ ಮೂರನೇ ನಂಬರ್ ಸಾಕು

ಪುಷ್ಯ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಧಾರವಾಡದ ಪಶ್ಚಿಮಕ್ಕೆ, ಮುಗದದ ಕಡೆಯ ಹೊಲವೊಂದರಲ್ಲಿ ರೋಹಿಣಿಗೆ ಕೂರಿಗೆಯಿಂದ ಬಿತ್ತಿದ ಅಭಿಲಾಷ ಭತ್ತ ತೆಂಡೆ ಒಡೆಯುತ್ತಿತ್ತು. ಹೊಲದ ಯಜಮಾನರು ಯೂರಿಯಾ ಚೀಲಗಳನ್ನು ಬದುವಿನ ಮೇಲೆ ತಂದಿಟ್ಟಿದ್ದರು.

“ಎಲಿ ಹಳದಿ ತಿರಿಗ್ಯಾವ್ರಿ ಸರ. ಎಕರೆಕ್ಕ ಒಂದೊಂದ ಚೀಲ ಒಗದಬಿಡ್ಲೇನ್ರಿ?”

“ತಡೀರಿ ಯಜಮಾನ್ರ, ಮೊದಲ ಎಲಿ ಅಳದ ನೋಡೂಣು.”

ಎಲೆಯ ಹಸಿರು ನೋಡಿ ಪೈರಿಗೆ ಸಾರಜನಕ (ಯೂರಿಯಾ ಕೊಡುವುದು ಅದನ್ನೇ) ಬೇಕೇ ಎಂದು ಅಳೆಯುವುದಕ್ಕೆ ಇರುವುದು ಒಂದು ಸಣ್ಣ ಪ್ಲಾಸ್ಟಿಕ್ ಪಟ್ಟಿ. ಹಳದಿ ಬೆರೆತ ಹಸಿರಿನಿಂದ ಕಡುಹಸಿರಿನವರೆಗೆ ನಾಲ್ಕು ಬಣ್ಣ, 2ರಿಂದ 5ರವರೆಗೆ ನಂಬರ್. ಬಣ್ಣದ ಮೇಲೆ ಭತ್ತದ ಎಲೆಯ ನರಗಳಂತೆ ಗೆರೆಗಳಿರುತ್ತವೆ. ಇಂಥ ಪಟ್ಟಿ ಮೊದಲು ಆದದ್ದು ಜಪಾನಿನಲ್ಲಿ. ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಆ ದೇಶದ ಭತ್ತ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಅದನ್ನು ನಮ್ಮಂಥ ಬಿಸಿ ಸೀಮೆಯ ತಳಿಗಳಿಗೆ ಹೊಂದಿಸಿತು. ಆಮೇಲೆ ಭಾರತ, ಬಾಂಗ್ಲಾದೇಶ, ವಿಯೆಟ್ನಾಂ ರೈತರ ಹೊಲಗಳಲ್ಲಿ ಪರೀಕ್ಷೆಯಾಯಿತು.

ಇದೇ ಲಾಸ್ ಬಾನ್ಯೋಸ್ ಸಂಸ್ಥೆ 1960ರಲ್ಲಿ ಶುರುವಾಗಿ, 1966ರಲ್ಲಿ ಐಆರ್‌-8 ತಳಿಯನ್ನು ಕೊಟ್ಟಿತ್ತು. ಇಂಡೊನೇಷ್ಯಾದ ಪೇಟಾ ಮತ್ತು ತೈವಾನಿನ ಗಿಡ್ಡ ತಳಿ ಡಿ-ಜಿಯೊ-ವೂ-ಜೆನ್ ಅದರ ತಂದೆ ತಾಯಿ. ಗೊಬ್ಬರ ಹೆಚ್ಚು ಕೊಟ್ಟರೂ ನೆಲಕ್ಕೊರಗದ ಈ ಗಿಡ್ಡ ಪೈರಿನ ಜೊತೆಗೇ ಯೂರಿಯಾ ಸುರಿಯುವ ರೂಢಿಯೂ ಬಂತು. ಅದನ್ನು ಹಿಡಿತಕ್ಕೆ ತರುವ ಪಟ್ಟಿಯನ್ನೂ ಅಲ್ಲಿಯವರೇ ಹೊಂದಿಸಿಕೊಟ್ಟರು. ಸಂಶೋಧನೆ ರೈತರ ಪರವಾಗಿ ನಿಲ್ಲಬೇಕಾದದ್ದು ಹೀಗೆಯೇ.

ಅಳೆಯುವ ಕೆಲಸ ಬೆಳಗ್ಗೆ 8ರಿಂದ 10ರೊಳಗೆ ಆಗಬೇಕು. ಹೊಲದ ಬೇರೆ ಬೇರೆ ಕಡೆಯಿಂದ ರೋಗ, ಕೀಟ ಇಲ್ಲದ 10 ಗಿಡ ಆರಿಸಿಕೊಳ್ಳಬೇಕು. ಪ್ರತಿ ಗಿಡದಲ್ಲಿ ಪೂರ್ತಿ ಬಿಚ್ಚಿಕೊಂಡ ಎಲೆಗಳಲ್ಲಿ ಎಲ್ಲಕ್ಕಿಂತ ಹೊಸದನ್ನು ಕೀಳದೆ, ಅದರ ನಡುಭಾಗವನ್ನು ಪಟ್ಟಿಯ ಮೇಲಿಟ್ಟು ನೋಡಬೇಕು. ಸೂರ್ಯನಿಗೆ ಬೆನ್ನು ಮಾಡಿ ಮೈ ನೆರಳಿನಲ್ಲಿ ಹಿಡಿಯಬೇಕು. ಬಿಸಿಲಲ್ಲಿ ಹಿಡಿದರೆ ಬಣ್ಣ ತಿಳಿಯಾಗಿ ಕಂಡು ಗೊಬ್ಬರ ಬೇಕೆನಿಸುತ್ತದೆ. ಮಂಜಿನ ನೀರಿದ್ದರೆ ಒರೆಸಿಕೊಳ್ಳಬೇಕು. 3 ಮತ್ತು 4ರ ನಡುವೆ ಬಂದರೆ 3.5 ಅಂತ ಬರೆದುಕೊಳ್ಳಬೇಕು. ಪ್ರತಿ ಸಲವೂ ಒಬ್ಬರೇ ನೋಡಬೇಕು, ಯಾಕೆಂದರೆ ಕಣ್ಣಿನಿಂದ ಕಣ್ಣಿಗೆ ಹಸಿರು ಬದಲಾಗುತ್ತದೆ. ಬಿತ್ತಿದ 21 ದಿನಕ್ಕೆ ಶುರುಮಾಡಿ 7ರಿಂದ 10 ದಿನಕ್ಕೊಮ್ಮೆ, ಹೂ ಬಿಡುವವರೆಗೆ ಇದೇ ಕ್ರಮ. ಪಟ್ಟಿಯ ಜೆರಾಕ್ಸ್ ಅಥವಾ ಮೊಬೈಲಿನ ಚಿತ್ರ ಉಪಯೋಗಕ್ಕೆ ಬರುವುದಿಲ್ಲ, ಬಣ್ಣ ಕೆಟ್ಟಿರುತ್ತದೆ.

10 ಎಲೆಗಳಲ್ಲಿ 5ಕ್ಕಿಂತ ಹೆಚ್ಚು ಗೊತ್ತುಮಾಡಿದ ನಂಬರಿಗಿಂತ ಕೆಳಗಿದ್ದರೆ ಮಾತ್ರ ಯೂರಿಯಾ. ತೊಡಕಿರುವುದು ಆ ನಂಬರಿನಲ್ಲಿ. ನೀರು ನಿಲ್ಲಿಸಿ ನಾಟಿ ಮಾಡಿದ ಅಧಿಕ ಇಳುವರಿ ತಳಿಗೆ ಅದು 4. ಕೂರಿಗೆಯಂಥ ನೇರ ಬಿತ್ತನೆಗೆ, ಸುವಾಸನೆಯ ತಳಿಗಳಿಗೆ 3. ಕಲಘಟಗಿ, ಹಾನಗಲ್ ಸೀಮೆಯ ಕೂರಿಗೆ ಭತ್ತವನ್ನು 4ಕ್ಕೆ ತರುತ್ತೇವೆಂದು ಹೊರಟರೆ ಗೊಬ್ಬರ ಮಿತಿಮೀರುತ್ತದೆ. ಪೈರು ಮೆತ್ತಗಾಗುತ್ತದೆ, ಮಳೆ ಗಾಳಿಗೆ ಒರಗುತ್ತದೆ. ಜಿಟಿಜಿಟಿ ಮಳೆ, ತಂಪು ರಾತ್ರಿ, ಎಲೆ ಮೇಲೆ ಬಹಳ ಹೊತ್ತು ನಿಲ್ಲುವ ನೀರು, ಇವುಗಳ ಜೊತೆಗೆ ಸಾರಜನಕವೂ ಹೆಚ್ಚಾದರೆ ಬೆಂಕಿ ರೋಗ ಬಿಡುವುದಿಲ್ಲ. ಎಲೆಯ ಮೇಲೆ ನೂಲುವ ಕದಿರಿನಾಕಾರದ, ನಡುವೆ ಬೂದು, ಅಂಚು ಕಂದಾದ ಚುಕ್ಕೆಗಳಿಂದ ಶುರುವಾಗಿ ತೆನೆಯ ಕುತ್ತಿಗೆಗೆ ಬಂತೆಂದರೆ ಕಾಳು ಜೊಳ್ಳಾಗುತ್ತದೆ.

ಆ ಹೊಲದಲ್ಲಿ 10ಕ್ಕೆ 4 ಎಲೆ ಮಾತ್ರ 3ಕ್ಕಿಂತ ಕೆಳಗಿದ್ದವು. ಯೂರಿಯಾ ಬೇಕಿರಲಿಲ್ಲ. ಆದರೆ ಮೇಲಿನ ದಿನ್ನೆಯ ಪೈರು ನಿಜವಾಗಿಯೂ ಹಳದಿಯಾಗಿತ್ತು. ಅಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆಯನ್ನು ಬಿಸಿಲಿಗೆ ಹಿಡಿದಾಗ ವಿಷಯ ತಿಳಿಯಿತು. ಹೊಸ ಎಲೆಯ ನರಗಳು ಹಸಿರು, ನಡುವಿನ ಜಾಗ ಬಿಳಿಚಿಕೊಂಡಿದೆ. ಕೆಳಗಿನ ಹಳೇ ಎಲೆಗಳಿಗೆ ಏನೂ ಆಗಿಲ್ಲ. ಇದು ಕಬ್ಬಿಣದ ಕೊರತೆ. ನೀರು ನಿಲ್ಲದ ಭೂಮಿಯಲ್ಲಿ ಕಬ್ಬಿಣ ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಹಳೇ ಎಲೆ. ಬಣ್ಣದ ಪಟ್ಟಿಗೆ ಈ ಎರಡರ ಭೇದ ಗೊತ್ತಿಲ್ಲ, ಅದನ್ನು ಹಿಡಿದವರಿಗೆ ಗೊತ್ತಿರಬೇಕು. ರಂಜಕ ಕಡಿಮೆಯಿದ್ದ ಪೈರಂತೂ ಗಿಡ್ಡಾಗಿ ಕಡುಹಸಿರಾಗಿಯೇ ಕಂಡು ಪಟ್ಟಿಯನ್ನು ದಾರಿ ತಪ್ಪಿಸುತ್ತದೆ. ದಿನ್ನೆಯ ಭಾಗಕ್ಕೆ ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿ ಸಂಜೆ ಸಿಂಪಡಿಸಲು ಹೇಳಿದ್ದಾಯಿತು.

ಯೂರಿಯಾ ಬೇಕೆಂದು ಬಂದಾಗಲೂ ಒಂದು ಸಲಕ್ಕೆ ಎಕರೆಗೆ 20 ಕಿಲೋ ಸಾಕು. ಈಗಿನ ಚೀಲ 45 ಕಿಲೋದ್ದು. ಚೀಲದ ಲೆಕ್ಕದಲ್ಲಿ ಒಗೆದರೆ ಬೇಕಾದ್ದಕ್ಕಿಂತ ಎರಡು ಪಟ್ಟು ಮೀರುತ್ತದೆ. ಎಡೆಕುಂಟೆ ಹೊಡೆದು ಕಳೆ ತೆಗೆದ ಮೇಲೆ, ನೆಲ ಹಸಿ ಇದ್ದು ಎಲೆ ಒಣಗಿದ್ದಾಗ ಹಾಕಬೇಕು. ದೊಡ್ಡ ಮಳೆಯ ಮುಂದೆ ಹಾಕಿದ್ದು ಹಳ್ಳಕ್ಕೆ ಹೋಗುತ್ತದೆ.

ರೋಗದ ಅಳತೆಗೂ ಇಂಥದೇ ಕೊಡುಕೊಳ್ಳುವಿಕೆ ಇದೆ. 1975ರಿಂದ ಅಂತರರಾಷ್ಟ್ರೀಯ ತಳಿ ಪರೀಕ್ಷಾ ಜಾಲದ ಮೂಲಕ ದೇಶ ದೇಶಗಳ ಭತ್ತದ ತಳಿಗಳು ಊರೂರಿಗೆ ಹೋಗಿ ಬರುತ್ತಿವೆ. ಎಲೆಯ ಬೆಂಕಿ ರೋಗಕ್ಕೆ ಎಲ್ಲ ಕಡೆ 0ರಿಂದ 9ರ ಒಂದೇ ಅಳತೆ: ಚುಕ್ಕೆಯೇ ಇಲ್ಲದಿದ್ದರೆ 0, ಎಲೆಯ ಶೇ. 75ಕ್ಕಿಂತ ಹೆಚ್ಚು ಸುಟ್ಟಿದ್ದರೆ 9. ಒಂದೇ ಅಳತೆ ಇರುವುದರಿಂದಲೇ ಬೇರೆ ದೇಶದಲ್ಲಿ ಬರೆದ ಅಂಕಿಯನ್ನು ಧಾರವಾಡದಲ್ಲಿ ಕೂತವರು ಓದಿ ತಳಿ ಆರಿಸಬಹುದು. ಆದರೆ ಒಂದು ಕಡೆ ತಡೆದ ತಳಿ ಇನ್ನೊಂದು ಕಡೆ ಸುಡಬಹುದು, ರೋಗ ತರುವ ಶಿಲೀಂಧ್ರದ ಬಗೆ ಊರಿಂದ ಊರಿಗೆ ಬೇರೆ. ಹಾಗಾಗಿ ಇಲ್ಲಿಯ ಮಣ್ಣಲ್ಲಿ, ಇಲ್ಲಿಯ ಮಳೆಯಲ್ಲಿ ಮತ್ತೆ ಬೆಳೆದು ನೋಡುವುದನ್ನು ಬಿಡುವಂತಿಲ್ಲ.

ಬಣ್ಣದ ಪಟ್ಟಿಗೂ ಅದೇ ಮಾತು ಸಲ್ಲುತ್ತದೆ. ತರಬೇತಿಗಳಲ್ಲಿ ಪಟ್ಟಿ ಹಂಚುತ್ತಾರೆ, ನಂಬರ್ ಹೇಳುವುದಿಲ್ಲ; ಪಟ್ಟಿ ಪೆಟ್ಟಿಗೆ ಸೇರುತ್ತದೆ. ಪಟ್ಟಿಯ ಹಿಂಬದಿಗೆ ಕನ್ನಡದಲ್ಲಿ ನಾಲ್ಕು ಸಾಲು ಅಚ್ಚಾಗಬೇಕು: ಕೂರಿಗೆಗೆ 3, ನಾಟಿಗೆ 4, ಎಕರೆಗೆ 20 ಕಿಲೋ, ಹೂ ಬಿಟ್ಟ ಮೇಲೆ ಬೇಡ.