ಎಡೆ ಸಿಗದ ನಾಗವಲ್ಲಿ

ಭರತನ ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ, ಭಯವೆಂಬ ಸ್ಥಾಯಿಭಾವ, ಎಂದರೆ ಮನಸ್ಸಿನಲ್ಲಿ ನೆಲೆನಿಂತ ಭಾವ, ಯಾವ ಯಾವುದರಿಂದ ಹುಟ್ಟುತ್ತದೆಂದು ಹೇಳುವ ಒಂದು ನೀಳ ಸಮಾಸವಿದೆ. ಗುರುವಿಗೂ ರಾಜನಿಗೂ ಎಸಗಿದ ಅಪರಾಧ, ಕಾಡುಮೃಗ, ಬರಿದಾದ ಮನೆ, ಅಡವಿ, ಬೆಟ್ಟ, ಆನೆ ಮತ್ತು ಹಾವು ಕಣ್ಣಿಗೆ ಬೀಳುವುದು, ಗದರಿಕೆ, ಮೋಡ ಮುಸುಕಿದ ದುರ್ದಿನ, ಇರುಳು, ಕತ್ತಲೆ, ಗೂಬೆಯ ಕೂಗು, ನಿಶಾಚರಗಳ ಸದ್ದು ಎಂದು ಅದು ಸಾಗುತ್ತದೆ. ವಿರಾಜಪೇಟೆಯ ನನ್ನ ಮನೆಯಲ್ಲಿ ಮಳೆಗೆ ಕಿಟಕಿ ಮುಚ್ಚಿಕೊಂಡು ಕುಳಿತು ಇದನ್ನು ಮೊದಲ ಸಲ ಓದಿದಾಗ ನಗು ಬಂದಿತ್ತು. ದಕ್ಷಿಣ ಕೊಡಗಿನ ಜುಲೈ ತಿಂಗಳ ವರದಿಯನ್ನು ಯಾರೋ ಸಂಸ್ಕೃತದಲ್ಲಿ ಬರೆದಿಟ್ಟ ಹಾಗಿತ್ತು. ಪಟ್ಟಿಯಲ್ಲಿ ಜಿಗಣೆಯೊಂದು ಇಲ್ಲ. ಅದು ಬೀಭತ್ಸಕ್ಕೆ ಸೇರಬೇಕಾದ ಜೀವಿ.

ಹಾರರ್ ಚಿತ್ರಗಳ ಬಗ್ಗೆ ಗಂಭೀರವಾಗಿ ಮಾತಾಡುವ ಚಟ ನಮ್ಮಲ್ಲಿ ನಾಲ್ವರಿಗಿದೆ. ಕಕ್ಕಡದಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಇಲ್ಲಿ ಶುಭಕಾರ್ಯಗಳಿಲ್ಲ. ಗದ್ದೆಯ ನಾಟಿ, ಮಳೆ, ಮದ್ದುಸೊಪ್ಪು, ಇಷ್ಟೇ. ಆ ತಿಂಗಳಲ್ಲಿ ಎರಡು ಮೂರು ಶನಿವಾರ ಸಿದ್ದಾಪುರದ ಕಡೆಯ ಗೆಳೆಯನ ಐನ್‌ಮನೆಯಲ್ಲಿ, ಎಂದರೆ ಕುಲದ ಹಿರಿಮನೆಯಲ್ಲಿ, ಸೇರಿ, ಒಂದು ಚಿತ್ರ ನೋಡಿ, ಮಧ್ಯರಾತ್ರಿಯವರೆಗೆ ಅದನ್ನು ಬಿಡಿಸಿ ಹರಡಿಕೊಂಡು ಕೂರುತ್ತೇವೆ. ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಹಿರಿಯರ ದೀಪ ಉರಿಯುವುದರಿಂದ ಅಲ್ಲಿ ಈ ಭೂತಪ್ರೇತಗಳ ಕಾರುಬಾರು ಬೇಡವೆಂದು ಗೆಳೆಯನ ಚಿಕ್ಕಮ್ಮ ಮೊದಲೇ ಹೇಳಿದ್ದಾರೆ. ನಮ್ಮದೇನಿದ್ದರೂ ಕಾಳುಮೆಣಸಿನ ಚೀಲಗಳನ್ನು ಪೇರಿಸಿಟ್ಟ ಪಕ್ಕದ ಕೋಣೆ.

ನಮ್ಮ ಚರ್ಚೆಗೆ ಒಂದು ಅಳತೆಗೋಲು ಸಿಕ್ಕಿದ್ದೂ ಭರತನಿಂದಲೇ. ಭಯಾನಕ ರಸ ಮೂರು ಬಗೆಯದು ಎನ್ನುತ್ತಾನೆ ಅವನು: ವ್ಯಾಜದಿಂದ ಆದದ್ದು, ಅಪರಾಧದಿಂದ ಆದದ್ದು, ವಿತ್ರಾಸಿತಕ. ಇವನ್ನು ನಾಟಕದ ಪಾತ್ರಗಳನ್ನು ನೆನೆದು ಹೇಳಿರುವುದು ನಿಜ. ಆದರೆ ಇಂದಿನ ಚಿತ್ರಗಳಿಗೆ ಇವನ್ನು ಹಚ್ಚಿ ನೋಡುವುದಕ್ಕೆ ನಾವು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ವಿತ್ರಾಸಿತಕವೆಂದರೆ ಬೆಚ್ಚಿಬೀಳಿಸುವುದು. 1942ರ 'ಕ್ಯಾಟ್ ಪೀಪಲ್' ಚಿತ್ರದಲ್ಲಿ ರಾತ್ರಿ ಒಂಟಿಯಾಗಿ ನಡೆದುಹೋಗುವ ಹೆಣ್ಣಿನ ಹಿಂದೆ ಹೆಜ್ಜೆಯ ಸಪ್ಪಳ ಕೇಳಿಸುತ್ತದೆ, ಆಮೇಲೆ ಅದೂ ನಿಲ್ಲುತ್ತದೆ, ಇನ್ನೇನು ಮೃಗ ಮೇಲೆರಗಿತು ಎನ್ನುವಾಗ ಬುಸ್ಸೆಂದು ಪರದೆಯೊಳಕ್ಕೆ ನುಗ್ಗುವುದು ಒಂದು ಬಸ್ಸು. ನಿರ್ಮಾಪಕ ವಾಲ್ ಲ್ಯೂಟನ್‌ನ ಹೆಸರು ಸೇರಿ ಈ ತಂತ್ರಕ್ಕೆ 'ಲ್ಯೂಟನ್ ಬಸ್' ಎಂಬ ಹೆಸರೇ ನಿಂತುಹೋಗಿದೆ. ಅಲ್ಲಿ ಬಸ್ಸಿಗಿಂತ ಹೆಚ್ಚು ಕೆಲಸ ಮಾಡುವುದು ಅದಕ್ಕೆ ಮುಂಚಿನ ಮೌನ. ಈಗಿನ ಬಹುಪಾಲು ಚಿತ್ರಗಳು ಬಸ್ಸುಗಳನ್ನು ಸಾಲಾಗಿ ಓಡಿಸುತ್ತವೆ, ಮೌನವನ್ನು ಮಾತ್ರ ಮರೆತಿವೆ. ಇನ್ನು ವ್ಯಾಜ ಎಂದರೆ ನೆಪದ, ನಟನೆಯ ಭಯ: ಬಂಗಲೆಯಲ್ಲಿ ಬಿಳಿಸೀರೆ ಓಡಾಡುತ್ತದೆ, ಕೊನೆಯಲ್ಲಿ ನೋಡಿದರೆ ಆಸ್ತಿ ಹೊಡೆಯಲು ಹೊರಟ, ತೋಟದ ಲೆಕ್ಕ ಬರೆಯುವ ರೈಟರ್. ಇದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ.

ಉಳಿದದ್ದು ಅಪರಾಧ. ನೋಡಿ ಮುಗಿಸಿದ ಮೇಲೂ ಮನಸ್ಸಿನಿಂದ ಏಳದೆ ಕೂತಿರುವ ಚಿತ್ರಗಳೆಲ್ಲ ಈ ಗುಂಪಿಗೆ ಸೇರುತ್ತವೆಂದು ನನ್ನ ನಂಬಿಕೆ. 2016ರ 'ಯೂ ಟರ್ನ್'ನಲ್ಲಿ ಅಪರಾಧವೆಂದರೆ ಮೇಲ್ಸೇತುವೆಯ ಮೇಲೆ ರಸ್ತೆಯನ್ನು ಇಬ್ಭಾಗಿಸುವ ಕಲ್ಲನ್ನು ಸರಿಸಿ, ಗಾಡಿ ತಿರುಗಿಸಿಕೊಂಡು ಹೋಗುವುದು. ಬೆಂಗಳೂರಿನಲ್ಲಿ ಯಾರೂ ಅದನ್ನು ಅಪರಾಧವೆಂದು ಎಣಿಸುವುದೂ ಇಲ್ಲ. ಇಷ್ಟು ಚಿಕ್ಕ ತಪ್ಪಿಗೆ ಅಷ್ಟು ದೊಡ್ಡ ಲೆಕ್ಕ ಚುಕ್ತಾ ಆಗುವುದರಲ್ಲೇ ಅದರ ಬಲವಿದೆ. ಇಂಗ್ಲೆಂಡ್ ಮೂಲದ ವಿಮರ್ಶಕ ರಾಬಿನ್ ವುಡ್ 1979ರಲ್ಲಿ, ಸಮಾಜ ಅದುಮಿಟ್ಟದ್ದೇ ರಾಕ್ಷಸನಾಗಿ ಮರಳಿ ಬರುತ್ತದೆಂದು ವಾದಿಸಿದ. ಮಾತು ಸರಿಯೇ. ಆದರೆ ಅದುಮಿಟ್ಟ ಬಯಕೆ ಬೇರೆ, ತೀರಿಸದ ಋಣ ಬೇರೆ. ನಮ್ಮ ಕಥೆಗಳಲ್ಲಿ ಸತ್ತವರು ಮರಳುವುದು ಹೆಚ್ಚಾಗಿ ಎರಡನೆಯ ಕಾರಣಕ್ಕೆ.

ಇದು ನನಗೆ ಹೊಳೆದದ್ದು ಪುಸ್ತಕದಿಂದಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷಗಳ ಹಿಂದಿನ ಕಕ್ಕಡದಲ್ಲಿ ನಾವು 2004ರ 'ಆಪ್ತಮಿತ್ರ'ವನ್ನು ಮತ್ತೆ ನೋಡುತ್ತಿದ್ದೆವು. ಫಾಸಿಲ್ ನಿರ್ದೇಶಿಸಿದ 1993ರ ಮಲಯಾಳಂ ಚಿತ್ರವೊಂದರ ಕನ್ನಡ ರೂಪ ಅದು. ಕೇರಳದ ಗಡಿ ಇಷ್ಟು ಹತ್ತಿರವಿರುವುದರಿಂದ ಇಲ್ಲಿ ಎರಡನ್ನೂ ಬಾಯಿಪಾಠ ಮಾಡಿದವರು ಕಡಿಮೆಯಿಲ್ಲ. ಮೂಲವೇ ಮೇಲೆಂಬ ವಾದ ಪ್ರತಿವರ್ಷ ತಪ್ಪದೆ ಏಳುತ್ತದೆ. ಅಂದು ಸೌಂದರ್ಯಾ ಅವರ ಗಂಗಾ ನಿಧಾನವಾಗಿ ನಾಗವಲ್ಲಿಯಾಗುತ್ತಿದ್ದ ಹೊತ್ತಿಗೆ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಚಿತ್ರ ಮಾತ್ರ ನಡೆದೇ ಇತ್ತು. ಅಷ್ಟರಲ್ಲಿ ಹಿತ್ತಿಲ ಕಡೆಯಿಂದ ಲಟಕ್ ಎಂದು ಕೊಂಬೆ ಮುರಿದ ಸದ್ದು, ಹಿಂದೆಯೇ ನೆಲಕ್ಕೆ ಏನೋ ಭಾರವಾದದ್ದು ಬಿದ್ದ ದಡ್ಡೆಂಬ ಸದ್ದು. ಬಾಗಿಲ ಬಳಿ ಮಲಗಿದ್ದ ನಾಯಿ ಬೊಗಳಲಿಲ್ಲ. ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ತೆವಳುತ್ತ ಬಂದು ಮಂಚದ ಕೆಳಗೆ ಸೇರಿತು. ಹಲಸಿನ ಹಣ್ಣಿಗೆ ಆನೆ ಬಂದಿತ್ತು. ಗೋಡೆಯಾಚೆ ಅದು ಉಸಿರು ಬಿಡುವುದು, ಹಣ್ಣನ್ನು ತುಳಿದು ಸೀಳುವುದು, ನೆನೆದ ಎಲೆಗಳ ಮೇಲೆ ಕಾಲು ಸವರಿದಂತೆ ಆಗುವುದು ಎಲ್ಲವೂ ಒಂದೊಂದಾಗಿ ಕೇಳುತ್ತಿತ್ತು. ಹಲಸಿನ ವಾಸನೆ ಕಿಟಕಿಯ ಸಂದಿನಿಂದ ಒಳಗೆ ಬಂತು. ನಾಲ್ವರೂ ಉಸಿರು ಹಿಡಿದು ಕುಳಿತೆವು. ಲ್ಯಾಪ್‌ಟಾಪಿನಲ್ಲಿ ಗೆಜ್ಜೆ, ಹಾಡು, ಕಿರುಚಾಟ ನಡೆದಿದ್ದರೂ ಯಾರೊಬ್ಬರೂ ಅತ್ತ ನೋಡಲಿಲ್ಲ. ಗೆಳೆಯ ಬೆರಳು ಚಾಚಿ ಮೆಲ್ಲಗೆ ಅದರ ಮುಚ್ಚಳ ಮಡಿಚಿದ.

ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಪಾಠವನ್ನು ನಾನು ಕಂಡಿಲ್ಲ. ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಎಂ.ಎ. ತರಗತಿಗೆ ಓದುವಾಗ ಬದುಕಿನಲ್ಲಿ ನಮಗಾಗುವ ಲೌಕಿಕ ಭಾವ ಬೇರೆ, ಕಲೆಯಲ್ಲಿ ಸವಿಯುವ ರಸ ಬೇರೆ ಎಂಬುದನ್ನು ಪರೀಕ್ಷೆಗೆ ಬೇಕಾದಷ್ಟು ಉರು ಹಾಕಿದ್ದೆ. ಭಯಾನಕಕ್ಕೆ ಉದಾಹರಣೆಯಾಗಿ ಅಭಿನವಗುಪ್ತ ಎತ್ತಿಕೊಳ್ಳುವುದು ಶಾಕುಂತಲದ ಮೊದಲ ಅಂಕದ ಜಿಂಕೆಯನ್ನು. ದುಷ್ಯಂತನ ರಥಕ್ಕೆ ಹೆದರಿ, ಮತ್ತೆ ಮತ್ತೆ ಕೊರಳು ತಿರುಗಿಸಿ ನೋಡುತ್ತ, ಬಾಣ ತಾಗೀತೆಂದು ಹಿಂಭಾಗವನ್ನು ಮುಂದಕ್ಕೆ ಹುದುಗಿಸಿಕೊಂಡು, ಆಯಾಸದಿಂದ ತೆರೆದ ಬಾಯಿಂದ ಅರ್ಧ ಅಗಿದ ದರ್ಭೆಯನ್ನು ದಾರಿಯುದ್ದಕ್ಕೂ ಚೆಲ್ಲುತ್ತ ಅದು ಓಡುತ್ತದೆ. ನೋಡುವವನಿಗೆ ಆಗ 'ನಾನು ಹೆದರಿದ್ದೇನೆ' ಎಂದಾಗಲಿ 'ಅದು ಹೆದರಿದೆ' ಎಂದಾಗಲಿ ಅನಿಸುವುದಿಲ್ಲ. ದೇಶ, ಕಾಲ, ವ್ಯಕ್ತಿ ಯಾವುದರ ಹಂಗೂ ಇಲ್ಲದೆ ಬರೀ ಭಯವೊಂದೇ ಕಣ್ಣೆದುರು ಕುಣಿಯುತ್ತದೆ ಎಂಬುದು ಅವನ ನಿಲುವು. ಹೆದರಿಸುವುದನ್ನು ನಾವೇಕೆ ದುಡ್ಡು ಕೊಟ್ಟು ನೋಡುತ್ತೇವೆಂಬ ಪ್ರಶ್ನೆಗೆ ಅಮೆರಿಕದ ತತ್ತ್ವಚಿಂತಕ ನೋಯಲ್ ಕ್ಯಾರಲ್ 1990ರ ತನ್ನ ಗ್ರಂಥದಲ್ಲಿ, ಅರಿಯದ್ದನ್ನು ಅರಿಯುವ ಕುತೂಹಲಕ್ಕಾಗಿ ಎಂದು ಉತ್ತರಿಸುತ್ತಾನೆ. ಅದು ಅಚ್ಚುಕಟ್ಟಾದ ಉತ್ತರ. ಆದರೂ ದರ್ಭೆ ಚೆಲ್ಲಿದ ಜಿಂಕೆಯ ವಿಷಯದಲ್ಲಿ ಅರಿಯಬೇಕಾದ ಗುಟ್ಟು ಏನಿದೆ? ನನಗೆ ಸಾವಿರ ವರ್ಷ ಹಿಂದಿನ ಕಾಶ್ಮೀರದ ಅಭಿನವಗುಪ್ತನೇ ಹತ್ತಿರ. ಆನೆ ಗೋಡೆಯಾಚೆ ಇದ್ದ ಹತ್ತು ನಿಮಿಷ ನಮಗಾದದ್ದು ಲೌಕಿಕ ಭಯ; ಅದರಲ್ಲಿ ರಸವೆಂಬುದು ತೊಟ್ಟೂ ಇರಲಿಲ್ಲ.

ಆನೆ ತೋಟಕ್ಕೆ ಇಳಿದುಹೋದ ಮೇಲೆ ಚಿಕ್ಕಮ್ಮ ಟಾರ್ಚು ಹಿಡಿದು ಬಂದು, ನಮ್ಮ ಮುಖಗಳನ್ನು ನೋಡಿ, ಉಳಿದ ಚಿತ್ರವನ್ನು ತಾವೂ ನೋಡುವುದಾಗಿ ಚೀಲದ ಮೇಲೆ ಕೂತರು. ಎಂಬತ್ತು ದಾಟಿದವರು. ನಾಗವಲ್ಲಿ ಯಾರೆಂದು ಕೇಳಿದರು. ಅರಸನೊಬ್ಬ ತನ್ನ ಆಸ್ಥಾನದ ನರ್ತಕಿಯನ್ನು ಕೊಂದ ಕಥೆ ಹೇಳಿದೆವು. ಅವರು ಸ್ವಲ್ಪ ಹೊತ್ತು ನೋಡಿ, "ಸತ್ತವಳಿಗೆ ವರ್ಷಕ್ಕೊಂದು ಎಡೆ ಇಟ್ಟಿದ್ದರೆ ಇಷ್ಟೆಲ್ಲ ರಂಪ ಇರುತ್ತಿರಲಿಲ್ಲ" ಎಂದರು. ನಾವು ನಕ್ಕೆವು. ಅವರು ನಗಲಿಲ್ಲ. ಅವರ ಮನೆಯಂಗಳದಾಚೆ ಹಿರಿಯರ ಗುಡಿಯಾದ ಕೈಮಡವಿದೆ. ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಇಡುವ ಕಾರಣಂಗ್ ಕೊಡ್ಪೊ ದಿನ, ಕುಲದ ಮೂಲಪುರುಷನಾದ ಗುರುಕಾರಣನಿಗೂ ಉಳಿದ ಹಿರಿಯರಿಗೂ ಮಾಂಸದಡುಗೆ, ಮದ್ಯ ಎಲ್ಲವೂ ಸಲ್ಲುತ್ತದೆ. ಸತ್ತವರು ಮನೆಗೆ ಬರುವುದು ಆ ಮನೆಯಲ್ಲಿ ಹೆದರಿಕೆಯ ವಿಷಯವೇ ಅಲ್ಲ. ಬರಬೇಕಾದವರನ್ನು ಕರೆಯದೆ ಬಿಡುವುದು ಹೆದರಿಕೆಯ ವಿಷಯ. ಭರತನ ಪಟ್ಟಿಯ ಮೊದಲ ಮಾತು 'ಗುರು' ಎಂದಿರುವುದನ್ನು ನಾನು ಅಂದಿನವರೆಗೆ ಪಾಠಶಾಲೆಯ ಗುರುವೆಂದೇ ಓದಿಕೊಂಡಿದ್ದೆ. ಹಿರಿಯ ಎಂಬ ಅರ್ಥವೂ ಅದಕ್ಕಿದೆಯಲ್ಲ.

ಈ ದೃಷ್ಟಿಯಿಂದ 'ಆಪ್ತಮಿತ್ರ'ದ ಕೊನೆಯನ್ನು ನೋಡಿದರೆ ಅದು ಬಹಳ ವಿಚಿತ್ರವಾದದ್ದು. ವಿಷ್ಣುವರ್ಧನ್ ಅವರ ವೈದ್ಯ ಇದನ್ನು ಇಬ್ಭಾಗವಾದ ವ್ಯಕ್ತಿತ್ವವೆಂದು ವಿವರಿಸುತ್ತಾನೆ, ಆದರೆ ಚಿಕಿತ್ಸೆಗೆ ಮಾಂತ್ರಿಕರ ಮಂಡಲವನ್ನೇ ಬಳಸಿಕೊಳ್ಳುತ್ತಾನೆ. ಅರಸನನ್ನು ಕೊಲ್ಲಬೇಕೆಂದು ಹಟ ಹಿಡಿದ ನಾಗವಲ್ಲಿಯ ಕೈಗೆ ಕಣ್ಕಟ್ಟಿನಿಂದ ಬೊಂಬೆಯೊಂದನ್ನು ಒಪ್ಪಿಸಿ, ಸೇಡು ತೀರಿತೆಂದು ಅವಳನ್ನು ನಂಬಿಸುತ್ತಾನೆ. ಎಂದರೆ ಅಪರಾಧದ ಭಯವನ್ನು ವ್ಯಾಜದಿಂದ ಕಳೆಯುವ ಯತ್ನ. ಕನ್ನಡದಲ್ಲಿ ಇದರ ಸರಿಯಾದ ಎದುರುಕಥೆಯನ್ನು ಜನ್ನ 1209ರಲ್ಲೇ ಬರೆದಿಟ್ಟಿದ್ದಾನೆ. 'ಯಶೋಧರ ಚರಿತೆ'ಯಲ್ಲಿ ತಾಯಿಯ ಒತ್ತಾಯಕ್ಕೆ ಯಶೋಧರ ನಿಜವಾದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡಲು ಒಪ್ಪುತ್ತಾನೆ. ಬಣ್ಣ ಬಳಿದ ಆ ಹಿಟ್ಟಿನ ಚೆಲುವಿಗೆ ಮರುಳಾದ ಬೆಂತರವೊಂದು, ಎಂದರೆ ಪಿಶಾಚಿಯೊಂದು, ಅದರೊಳಗೆ ಬಂದು ಸೇರಿದೆ. ಕತ್ತಿ ಬೀಳುತ್ತಲೇ ಹಿಟ್ಟು ಕೂಗುತ್ತದೆ. ನಾನು ಓದಿದ, ನೋಡಿದ ಯಾವ ಹಾರರ್‌ನಲ್ಲೂ ಇದಕ್ಕಿಂತ ಮೈನಡುಗಿಸುವ ಸದ್ದು ಕೇಳಿಲ್ಲ. ಬಸ್ಸಿಲ್ಲ, ಕಿರುಚಾಟವಿಲ್ಲ, ನಾವು ದಿನಾ ಮುಂಜಾನೆ ಕೇಳುವ ಕೋಳಿಯ ಕೂಗು ಮಾತ್ರ. ಆದರೆ ಅದು ಎಲ್ಲಿಂದ ಬರಬಾರದೋ ಅಲ್ಲಿಂದ ಬರುತ್ತದೆ. ಬದಲಿಗೆ ಕೊಟ್ಟದ್ದೂ ಕೊಟ್ಟದ್ದೇ, ಸಂಕಲ್ಪದ ಹಿಂಸೆಯೂ ಹಿಂಸೆಯೇ ಎಂದು ಜನ್ನ ತಾಯಿಮಗನನ್ನು ಜನ್ಮಜನ್ಮಗಳ ಉದ್ದಕ್ಕೂ ಅಲೆಸುತ್ತಾನೆ. ಸಿನಿಮಾದ ಬೊಂಬೆಗೆ ಬಾಯಿಲ್ಲ, ಜನ್ನನ ಬೊಂಬೆ ಬಾಯಿ ಬಿಡುತ್ತದೆ. ಜನ್ನನನ್ನು ಧರ್ಮಬೋಧೆಯ ಕಾವ್ಯವೆಂದಷ್ಟೇ ಪಾಠ ಹೇಳುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಚಂಡಮಾರಿಯ ಗುಡಿಯಿಂದ ಆರಂಭವಾಗುವ ಆ ಕೃತಿಯನ್ನು ಕಕ್ಕಡದ ರಾತ್ರಿಯಲ್ಲಿ ಗಟ್ಟಿಯಾಗಿ ಓದಿಸಬೇಕು.

ಭರತನ ಆ ವಾಕ್ಯದಲ್ಲಿ ಒಪ್ಪಲಾಗದ ಒಂದು ಪದವೂ ಇದೆ. ಭಯವೆಂಬುದು 'ಸ್ತ್ರೀನೀಚಪ್ರಕೃತಿಕ', ಹೆಂಗಸರದು ಮತ್ತು ಕೀಳುಪಾತ್ರಗಳದು, ಎಂದು ಅವನು ಶುರುಮಾಡುತ್ತಾನೆ. ಹಾರರ್ ಚಿತ್ರರಂಗ ಬಹುಕಾಲ ಈ ಮಾತನ್ನು ಓದದೆಯೇ ಪಾಲಿಸಿತು: ಕಿರುಚುವ ಕೆಲಸ ನಾಯಕಿಯದು, ದೆವ್ವ ಹೊಗುವುದೂ ಅವಳ ಮೈಯನ್ನೇ. ಅಮೆರಿಕದ ವಿದ್ವಾಂಸೆ ಕರೋಲ್ ಕ್ಲೋವರ್ 1992ರಲ್ಲಿ, ಕೊಲೆಗಡುಕರ ಚಿತ್ರಗಳಲ್ಲಿ ಕೊನೆಗೆ ಉಳಿದು ಎದುರಿಸುವವಳು ಹುಡುಗಿಯೇ ಎಂದೂ, ಅವಳ ಭಯದಲ್ಲಿ ಪಾಲುಗೊಳ್ಳುವವರು ಹೆಚ್ಚಾಗಿ ಹುಡುಗರೆಂದೂ ತೋರಿಸಿಕೊಟ್ಟ ಮೇಲೆ ಈ ಲೆಕ್ಕ ಸ್ವಲ್ಪ ತಿರುಗಿತು. ಆದರೆ ಕನ್ನಡದಲ್ಲಿ 1979ರಷ್ಟು ಹಿಂದೆಯೇ 'ನಾ ನಿನ್ನ ಬಿಡಲಾರೆ' ಹೆಣ್ಣಿನ ಪ್ರೇತವನ್ನು ಅನಂತನಾಗ್ ಅವರ ಮೈಯೊಳಗೆ ಹೊಗಿಸಿತ್ತು. ಮೀಸೆಯುಳ್ಳ, ಓದಿದ, ನಗುಮುಖದ ನಾಯಕನೊಬ್ಬ ತನ್ನದಲ್ಲದ ದನಿಯ ಅಡಿಯಾಳಾಗುವುದನ್ನು ನಮ್ಮ ತಂದೆತಾಯಿಯರ ಪೀಳಿಗೆ ನೋಡಿ ರಾತ್ರಿ ದೀಪ ಆರಿಸದೆ ಮಲಗಿತ್ತು. ಈ ಚಿತ್ರದ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕು.

ಮತ್ತೆ ಆ ರಾತ್ರಿಗೆ ಬರುತ್ತೇನೆ. ಚಿತ್ರ ಮುಗಿದಾಗ ಗಂಗಾ ಗುಣವಾಗಿದ್ದಳು, ಎಲ್ಲರೂ ನಗುತ್ತಿದ್ದರು. ಚಿಕ್ಕಮ್ಮ ಏಳಲಿಲ್ಲ. "ಈ ಹುಡುಗಿಗೇನೋ ವಾಸಿಯಾಯಿತು. ಆ ಕುಣಿಯುವವಳಿಗೆ ಏನು ಮಾಡಿದರು?" ಎಂದರು. ಅವಳು ಬರೀ ಗಂಗಾಳ ಮನಸ್ಸಿನ ಕಲ್ಪನೆ, ವೈದ್ಯರು ಹಾಗೆಂದೇ ಹೇಳಿದ್ದಾರೆಂದು ನಮ್ಮಲ್ಲೊಬ್ಬ ವಿವರಿಸಲು ಹೋದ. ಅವಳನ್ನು ಅರಸ ಕೊಂದದ್ದು ಹೌದೋ ಅಲ್ಲವೋ ಎಂದು ಅವರು ತಿರುಗಿ ಕೇಳಿದರು. ಹೌದು, ಚಿತ್ರದ ಲೋಕದಲ್ಲಿ ಆ ಕೊಲೆ ಕಲ್ಪನೆಯಲ್ಲ, ನಡೆದದ್ದು. ಅದನ್ನು ನಾವು ನಾಲ್ವರೂ ಅಷ್ಟು ವರ್ಷ ಗಮನಿಸಿರಲಿಲ್ಲ. ರೋಗಿಗೆ ಚಿಕಿತ್ಸೆಯಾಯಿತು, ಸತ್ತವಳಿಗೆ ದೊರೆತದ್ದು ಒಂದು ಬೊಂಬೆ, ಅವಳ ಹೆಸರಿನಲ್ಲಿ ಯಾರೂ ಒಂದು ದೀಪವನ್ನೂ ಹಚ್ಚಲಿಲ್ಲ.

ಗೆಳೆಯ ಆಗ ಸುಮ್ಮನಿರಲಾರದೆ, 2010ರಲ್ಲಿ 'ಆಪ್ತರಕ್ಷಕ' ಎಂಬ ಎರಡನೆಯ ಭಾಗ ಬಂತೆಂದೂ, ವಿಷ್ಣುವರ್ಧನ್ ತೀರಿಕೊಂಡ ಮೇಲೆ ಬಿಡುಗಡೆಯಾದ ಆ ಚಿತ್ರದಲ್ಲಿ ನಾಗವಲ್ಲಿಯ ಪಟವೊಂದು ಇನ್ನೊಂದು ಮನೆ ಸೇರಿ ಮತ್ತೆ ಕಾಟ ಶುರುವಾಗುತ್ತದೆಂದೂ ಹೇಳಿದ.

"ಬರದೆ ಏನು ಮಾಡುತ್ತಾಳೆ," ಎಂದು ಚಿಕ್ಕಮ್ಮ ಟಾರ್ಚು ಹಚ್ಚಿಕೊಂಡು, ನಾಯಿಯನ್ನು ಮಂಚದ ಕೆಳಗಿಂದ ಎಬ್ಬಿಸಿಕೊಂಡು ಹೋದರು.